ಮಣಿಕಟ್ಟಿನ ಲೆಕ್ಕ, ಮೈಯ ಲೆಕ್ಕ



ಈ ದತ್ತಿ ಉಪನ್ಯಾಸ ಆರೋಗ್ಯದ ವಿಷಯವಾಗಿರಬೇಕು, ವೈದ್ಯರಲ್ಲದವರಿಗೂ ಅರ್ಥವಾಗಬೇಕು ಎಂದು ದಾನಿಗಳು ಎರಡು ಷರತ್ತು ಇಟ್ಟಿದ್ದಾರೆ. ಎರಡೂ ಒಳ್ಳೆಯವೇ. ಅದಕ್ಕೆ ತಕ್ಕಂತೆ ಇಂದು ನಾನು ಆರಿಸಿಕೊಂಡಿರುವುದು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಫಿಟ್‌ನೆಸ್ ಬ್ಯಾಂಡು, ಸ್ಮಾರ್ಟ್ ವಾಚುಗಳ ವಿಷಯ. ಒಂದು ಕಾಲಕ್ಕೆ ನಮ್ಮ ಕಡೆಯ ಮದುವೆಗಳಲ್ಲಿ ಅಳಿಯನ ಕೈಗೆ ಎಚ್.ಎಂ.ಟಿ. ವಾಚು ಬೀಳುತ್ತಿತ್ತು. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚು ಹೊತ್ತು ಹೇಳಿ ಸುಮ್ಮನಾಗುತ್ತಿತ್ತು. ಈಗ ನರಸಾಪುರದ ಕಾರ್ಖಾನೆ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ ಕೈಯಲ್ಲಿ, ಬೆಳಗ್ಗೆ ಮಾಲೂರು ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ನಿಂತವರ ಕೈಯಲ್ಲಿ ಕಾಣುವ ವಾಚು ಸುಮ್ಮನಿರುವುದಿಲ್ಲ. ಎಷ್ಟು ಹೆಜ್ಜೆ ಹಾಕಿದಿರಿ, ನಾಡಿ ಎಷ್ಟು, ರಾತ್ರಿ ಎಷ್ಟು ಹೊತ್ತು ಮಲಗಿದಿರಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುತ್ತಲೇ ಇರುತ್ತದೆ. ಕೆಲವು ಅಗ್ಗದ ವಾಚುಗಳು ಬಿ.ಪಿ.ಯನ್ನೂ ಶುಗರನ್ನೂ ಹೇಳುತ್ತೇವೆ ಅನ್ನುತ್ತವೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಾಧನ ಮೈಯನ್ನು ಹೇಗೆ ಓದುತ್ತದೆ ಎಂಬುದನ್ನು ಚುಟುಕಾಗಿ ಹೇಳಿ, ನಮ್ಮ ಕೋಲಾರ ಜಿಲ್ಲೆಯಲ್ಲಿ ದುಡಿಯುವ ಮೈಯ ಎದುರು ಅದು ಎಲ್ಲಿ ಸೋಲುತ್ತದೆ ಎಂಬುದನ್ನು ವಿಸ್ತಾರವಾಗಿ ನೋಡೋಣ. ಆಮೇಲೆ ಇದರಿಂದ ಆರೋಗ್ಯ ನಿಜವಾಗಿ ಸುಧಾರಿಸುತ್ತದೆಯೇ ಎಂಬ ಪ್ರಶ್ನೆ. ಕಡೆಗೆ ಕೆಲವು ಎಚ್ಚರಿಕೆಗಳು, ಮತ್ತು ಅಳೆದ ಲೆಕ್ಕ ಯಾರ ಕೈ ಸೇರುತ್ತದೆ ಎಂಬ ವಿಚಾರ. ಯಾವ ಕಂಪನಿಯ ವಾಚು ಕೊಳ್ಳಬೇಕು ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಅದನ್ನು ಹೇಳಲು ಅಂಗಡಿಯವರಿದ್ದಾರೆ.

ಮೊದಲನೆಯದು, ಸಾಧನದ ಒಳಗಿನ ಕೆಲಸ. ವಾಚಿನಲ್ಲಿ ಆಕ್ಸಿಲರೋಮೀಟರ್ ಎಂಬ ಪುಟ್ಟ ಸಿಲಿಕಾನ್ ಚೂರು ಇರುತ್ತದೆ. ಕೈ ಹಿಂದೆ ಮುಂದೆ, ಅಕ್ಕಪಕ್ಕ, ಮೇಲೆ ಕೆಳಗೆ ಅಲುಗಿದ್ದು ಅದಕ್ಕೆ ಗೊತ್ತಾಗುತ್ತದೆ. ನಡೆಯುವಾಗ ಕೈ ಒಂದು ಲಯದಲ್ಲಿ ಬೀಸುತ್ತದೆ. ಆ ಲಯವನ್ನು ಗುರುತಿಸಿ ಯಂತ್ರ ಹೆಜ್ಜೆ ಎಣಿಸುತ್ತದೆ. ಅಂದರೆ ಅದು ಕಾಲನ್ನು ನೋಡುವುದೇ ಇಲ್ಲ. ಕೈ ಬೀಸಿದ್ದನ್ನು ನೋಡಿ ಕಾಲು ನಡೆದಿರಬೇಕು ಎಂದು ಊಹಿಸುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಾಚನ್ನು ತಿರುವಿ ನೋಡಿದರೆ ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಂದು ಸಲ ಬಡಿದಾಗ ಮಣಿಕಟ್ಟಿನ ಚರ್ಮದಡಿಯ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ, ವಾಪಸು ಬರುವ ಬೆಳಕು ಕಡಿಮೆಯಾಗುತ್ತದೆ. ಮುಂದಿನ ಬಡಿತದವರೆಗೆ ಮತ್ತೆ ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿಬಡಿತ ಸಿಗುತ್ತದೆ. ಆಮ್ಲಜನಕದ ಪ್ರಮಾಣಕ್ಕೆ ಕೆಂಪು ಮತ್ತು ಅವಕೆಂಪು ಬೆಳಕು ಬೇಕು. ಅದರ ಮೂಲತತ್ವವನ್ನು 1970ರ ದಶಕದಲ್ಲಿ ಕಂಡುಕೊಟ್ಟವರು ಜಪಾನಿನ ಎಂಜಿನಿಯರ್ ತಕುವೊ ಅವೋಯಾಗಿ. ಕೋವಿಡ್‌ನಿಂದಾಗಿ ಇಡೀ ಪ್ರಪಂಚ ಅವರ ಆಕ್ಸಿಮೀಟರ್ ಯಂತ್ರವನ್ನು ಬೆರಳಿಗೆ ಸಿಕ್ಕಿಸಿಕೊಂಡು ಕುಳಿತ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಇನ್ನು ನಿದ್ದೆ. ನಿದ್ದೆಯ ಹಂತಗಳನ್ನು ಸರಿಯಾಗಿ ತಿಳಿಯಬೇಕಾದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ದಾಖಲಿಸಬೇಕು. ವಾಚಿಗೆ ಆ ಸೌಲಭ್ಯವಿಲ್ಲ. ಕೈ ಅಲುಗುತ್ತಿಲ್ಲ, ನಾಡಿ ಇಳಿದಿದೆ, ಹಾಗಾಗಿ ಮಲಗಿದ್ದಾರೆ ಎಂದು ಲೆಕ್ಕ ಹಾಕುತ್ತದೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕು ಎಂಬ ಕತೆಯನ್ನೂ ಇಲ್ಲೇ ಮುಗಿಸುತ್ತೇನೆ, ಏಕೆಂದರೆ ಅದನ್ನು ಶಾಸ್ತ್ರವಾಕ್ಯ ಎಂದು ನಂಬಿದವರು ಬಹಳ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಜಪಾನಿಗರಲ್ಲಿ ವ್ಯಾಯಾಮದ ಉತ್ಸಾಹ ಏರಿತ್ತು. ಮರುವರ್ಷವೇ ಯಾಮಸಾ ಎಂಬ ಕಂಪನಿ ಹತ್ತು ಸಾವಿರ ಹೆಜ್ಜೆ ಎಂಬುದನ್ನು ಹೆಸರಿನಲ್ಲೇ ಇಟ್ಟುಕೊಂಡು, ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ಬಿಟ್ಟಿತು. ಮಾರಾಟಕ್ಕೆ ಹುಟ್ಟಿದ ಸಂಖ್ಯೆ ಅದು. ಅರ್ಧ ಶತಮಾನ ಕಳೆದ ಮೇಲೆ, 2019ರಲ್ಲಿ, ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ 16,741 ವಯಸ್ಸಾದ ಹೆಂಗಸರ ಹೆಜ್ಜೆಗಳನ್ನು ಅಳೆದು, ವರ್ಷಗಟ್ಟಲೆ ಹಿಂಬಾಲಿಸಿ ಪ್ರಕಟಿಸಿದರು. ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗೆ ಹೋಲಿಸಿದರೆ ಸುಮಾರು 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ 41% ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. 2025ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 57 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು. 2,000 ಹೆಜ್ಜೆಯವರಿಗಿಂತ 7,000 ಹೆಜ್ಜೆಯವರಲ್ಲಿ ಸಾವಿನ ಅಪಾಯ 47% ಕಡಿಮೆ. ಆರೋಗ್ಯವಂತರು ತಾವಾಗಿಯೇ ಹೆಚ್ಚು ನಡೆಯುತ್ತಾರೆ, ಆದ್ದರಿಂದ ಈ ಲಾಭವೆಲ್ಲ ನಡಿಗೆಯದ್ದೇ ಎನ್ನಲಾಗದು. ಆದರೂ ದಿನಕ್ಕೆ ಎರಡು ಸಾವಿರದಲ್ಲಿ ಕುಳಿತವರು ನಾಲ್ಕು ಸಾವಿರಕ್ಕೆ ಏರುವುದೇ ದೊಡ್ಡ ಗಳಿಕೆ ಎಂಬುದು ಸ್ಪಷ್ಟ. ಹತ್ತು ಸಾವಿರ ಆಗಲಿಲ್ಲವೆಂದು ರಾತ್ರಿ ಹನ್ನೊಂದಕ್ಕೆ ವರಾಂಡದಲ್ಲಿ ಸುತ್ತು ಹೊಡೆಯುವವರು ಮಲಗಬಹುದು.

ಈಗ ಎರಡನೆಯ ಮಾತಿಗೆ ಬರುತ್ತೇನೆ. ಇಂದಿನ ಉಪನ್ಯಾಸದ ತಿರುಳು ಇದೇ.

2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳ ಲೇಖನವೊಂದು ಬಂತು. ಏಳು ಲಕ್ಷಕ್ಕೂ ಹೆಚ್ಚು ಜನರ ಮೊಬೈಲುಗಳಲ್ಲಿ ದಾಖಲಾದ ಹೆಜ್ಜೆಗಳನ್ನು ಲೆಕ್ಕ ಹಾಕಿ 46 ದೇಶಗಳನ್ನು ಹೋಲಿಸಿದ್ದರು. ಭಾರತೀಯರ ಸರಾಸರಿ ದಿನಕ್ಕೆ 4,297 ಹೆಜ್ಜೆ, ಪಟ್ಟಿಯಲ್ಲಿ ಕೆಳಗಿನ ಸಾಲು. ಪತ್ರಿಕೆಗಳು ಭಾರತೀಯರು ಸೋಮಾರಿಗಳು ಎಂದು ತಲೆಬರಹ ಹಾಕಿದವು. ಆದರೆ ಆ ಲೆಕ್ಕಕ್ಕೆ ಸೇರಿದವರು ಯಾರು? ಸ್ಮಾರ್ಟ್‌ಫೋನ್ ಇದ್ದು, ಅದರಲ್ಲಿ ವ್ಯಾಯಾಮದ ಆಪ್ ಹಾಕಿಕೊಂಡು, ಫೋನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವರು. ಮುಳಬಾಗಿಲಿನ ಆಚೆ ಟೊಮೆಟೊ ತೋಟದಲ್ಲಿ ಕಾಯಿ ಕೀಳುವ ಹೆಂಗಸು ಆ ಲೆಕ್ಕದಲ್ಲಿ ಇರುವ ಸಂಭವ ಕಡಿಮೆ. ಇದ್ದಿದ್ದರೂ ಅವಳ ಫೋನು ತೋಟದ ಬದುವಿನ ಮೇಲೆ ಬುತ್ತಿಯ ಪಕ್ಕದಲ್ಲಿರುತ್ತಿತ್ತು.

ಅಂಥದ್ದೊಂದು ತೋಟದಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ ಊರಿಗೆ ಬಂದಿದ್ದ. ತನ್ನ ವಾಚನ್ನು ಬಿಚ್ಚಿ ಅಮ್ಮನ ಕೈಗೆ ಕಟ್ಟಿ, ‘ಸಂಜೆ ನೋಡೋಣಮ್ಮ, ನೀನು ಎಷ್ಟು ನಡೀತೀಯ’ ಅಂದ. ಕಟ್ಟುವುದೇ ಕಷ್ಟವಾಯಿತು. ಗಾಜಿನ ಬಳೆ ಮೇಲಕ್ಕೆ ಸರಿಸಬೇಕು, ಸರಿಸಿದರೆ ಕೆಳಗೆ ಜಾರುತ್ತವೆ. ಮಣಿಕಟ್ಟಿನ ಮೇಲೆ ಹಳೆಯ ಹಚ್ಚೆ, ಕಡು ಹಸಿರು ಬಣ್ಣದ್ದು. ಅದರ ಮೇಲೆ ವಾಚಿನ ಹಸಿರು ದೀಪ. ಅವರು ಸಾಲಿನಲ್ಲಿ ಬಗ್ಗಿ ಕಾಯಿ ಕಿತ್ತು, ಕ್ರೇಟು ತುಂಬಿಸಿ, ಎರಡೂ ಕೈಯಲ್ಲಿ ಎತ್ತಿ ರಸ್ತೆಯ ಬದಿಗೆ ತಂದು ಇಡುತ್ತಿದ್ದರು. ಕೋಲಾರದ ಎಪಿಎಂಸಿಯಲ್ಲಿ ಹರಾಜಾಗುವ ಒಂದು ಕ್ರೇಟಿನ ಲೆಕ್ಕ 15 ಕೆ.ಜಿ. ಎಂಬುದು ಈ ಸಭೆಗೆ ಹೇಳಿಕೊಡಬೇಕಾದ್ದಲ್ಲ. ಸಂಜೆ ನೋಡಿದರೆ ಹೆಜ್ಜೆಯ ಲೆಕ್ಕ ಹುಡುಗನ ಆಫೀಸಿನ ದಿನಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾಡಿಯ ಗೆರೆ ಅಲ್ಲಲ್ಲಿ ಕಡಿದುಹೋಗಿತ್ತು. ಆ ತಾಯಿ ನಕ್ಕು, ‘ಬೆಳಗ್ಗಿಂದ ಬಗ್ಗಿದ್ದು ಇದಕ್ಕೆ ಕಾಣ್ಲಿಲ್ವೇನಪ್ಪ?’ ಅಂದರು.

ಕಾಣಲಿಲ್ಲ. ಕಾರಣಗಳನ್ನು ಈಗ ನೀವೇ ಹೇಳಬಲ್ಲಿರಿ. ಕ್ರೇಟು ಹಿಡಿದ ಕೈ ಬೀಸುವುದಿಲ್ಲ, ಹಾಗಾಗಿ ಹೊರೆ ಹೊತ್ತು ಇಟ್ಟ ಹೆಜ್ಜೆಗಳಲ್ಲಿ ಎಷ್ಟೋ ಲೆಕ್ಕಕ್ಕೆ ಬರುವುದಿಲ್ಲ. ಬಗ್ಗಿ ಕೀಳುವುದು ಹೆಜ್ಜೆಯೇ ಅಲ್ಲ. ಹಚ್ಚೆಯ ಬಣ್ಣ ಬೆಳಕನ್ನು ತಡೆದು ನಾಡಿಯ ಓದು ಕೆಡುತ್ತದೆ ಎಂಬುದನ್ನು ವಾಚು ಮಾಡುವ ಕಂಪನಿಗಳೇ ಒಪ್ಪಿಕೊಂಡಿವೆ. ಚರ್ಮದ ಬಣ್ಣದ ಪ್ರಶ್ನೆಯೂ ಇದೆ. 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಮಾಹಿತಿ ನೋಡಿದ ಒಂದು ಅಧ್ಯಯನದಲ್ಲಿ, ಬೆರಳಿಗೆ ಹಾಕುವ ಆಕ್ಸಿಮೀಟರು ಕಪ್ಪುವರ್ಣೀಯ ರೋಗಿಗಳ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಾಣದೆ ಬಿಟ್ಟಿತ್ತು. ಆಸ್ಪತ್ರೆಯ ಯಂತ್ರದ ಪಾಡೇ ಹೀಗಾದರೆ, ಬಿಸಿಲಿನಲ್ಲಿ ಬೆವತ ಮಣಿಕಟ್ಟಿನ ಮೇಲೆ ಜಾರುವ ವಾಚಿನ ಪಾಡೇನು?

ತಪ್ಪು ಬರೀ ಕಡಿಮೆ ತೋರಿಸುವುದರಲ್ಲಿ ಇಲ್ಲ, ಹೆಚ್ಚು ತೋರಿಸುವುದರಲ್ಲೂ ಇದೆ. ಹಸುವಿನ ಕೆಚ್ಚಲ ಬಳಿ ಕುಳಿತು ಕೈಯಲ್ಲಿ ಹಾಲು ಕರೆಯುವವರಿಗೆ ಕುಳಿತಲ್ಲೇ ಹೆಜ್ಜೆಗಳು ಏರಬಹುದು. ಹದಗೆಟ್ಟ ರಸ್ತೆಯಲ್ಲಿ ಬೈಕು ಓಡಿಸಿದವರಿಗೂ ಅಷ್ಟೇ. ರೇಷ್ಮೆ ಸಾಕುವ ಮನೆಗಳ ವಿಷಯ ಬೇರೆ. ಹುಳು ನಾಲ್ಕನೆಯ ಜ್ವರ, ಅಂದರೆ ಪೊರೆ ಕಳಚುವ ಹಂತ, ಮುಗಿಸಿ ಎದ್ದ ಮೇಲೆ ಸೊಪ್ಪು ಹಾಕುವುದಕ್ಕೆ ಬಿಡುವಿಲ್ಲ. ಮನೆಯವರು ಸರದಿಯ ಮೇಲೆ ರಾತ್ರಿ ಏಳುತ್ತಾರೆ. ಅಂಥವರ ಕೈಗೆ ವಾಚು ಕಟ್ಟಿದರೆ ಬೆಳಗ್ಗೆ ಅದು ನಿದ್ದೆಗೆ ಕಡಿಮೆ ಅಂಕ ಕೊಟ್ಟು, ಬೇಗ ಮಲಗಿ ಎಂದು ಬುದ್ಧಿ ಹೇಳುತ್ತದೆ. ಗೂಡು ಕಟ್ಟುವ ತನಕ ಆ ಬುದ್ಧಿಮಾತಿನಿಂದ ಏನೂ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಗೇ ವಿಶೇಷವಾದದ್ದು, ದುಃಖದ್ದು. ಕೆರೆಗಳು ಬತ್ತಿ, ಕೊಳವೆಬಾವಿ ಸಾವಿರ ಅಡಿ ದಾಟಿದ ಕಾಲದಿಂದ ನಾವು ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೇರೆ ನೀರು ಇಲ್ಲದಾಗ ಲೀಟರಿಗೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಎಷ್ಟೋ ಹಳ್ಳಿಗಳು ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದಿವೆ. ಹಲ್ಲಿನ ಕಂದು ಕಲೆ ಹೊರಗೆ ಕಾಣುತ್ತದೆ. ಮೂಳೆಗೆ ಇಳಿದದ್ದು ಬೆನ್ನು, ಮಂಡಿ, ಸೊಂಟಗಳ ಬಿಗಿತವಾಗಿ ವಯಸ್ಸಾದ ಮೇಲೆ ಎದ್ದುಬರುತ್ತದೆ. ಹೀಗೆ ಮೂಳೆ ಬಿಗಿದ ಹಿರಿಯರಿಗೆ ಮೊಮ್ಮಗ ವಾಚು ಕಟ್ಟಿ ಹತ್ತು ಸಾವಿರ ಹೆಜ್ಜೆಯ ಗುರಿ ಇಟ್ಟರೆ ಅದು ಪ್ರೀತಿಯ ಹೆಸರಿನ ಶಿಕ್ಷೆ. ಅಂಥವರಿಗೆ ಬೇಕಾದದ್ದು ಮೂಳೆಯ ವೈದ್ಯರ ಸಲಹೆ, ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸ, ಮನೆಯಂಗಳದಲ್ಲಿ ಬಿಟ್ಟು ಬಿಟ್ಟು ಸ್ವಲ್ಪ ನಡಿಗೆ. ವಾಚು ಇದ್ದರೆ ಅದರ ಗುರಿಯನ್ನು ಕೆಳಕ್ಕೆ ಇಳಿಸಿಕೊಡಿ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಅವಕಾಶ ಇದ್ದೇ ಇರುತ್ತದೆ.

ಹಾಗಾದರೆ ಈ ಸಾಧನ ನಮಗೆ ಬೇಡವೇ? ಬೇಡ ಎನ್ನುವವನು ನಾನಲ್ಲ. ನಮ್ಮ ಜಿಲ್ಲೆಯ ದುಡಿಮೆ ಬದಲಾಗುತ್ತಿದೆ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಪಾಳಿಯುದ್ದಕ್ಕೂ ನಿಂತಲ್ಲೇ ನಿಂತು, ಇಲ್ಲವೇ ಕುಳಿತಲ್ಲೇ ಕುಳಿತು ದುಡಿಯುವ ತಲೆಮಾರು ಬಂದಿದೆ. ಅವರ ತಂದೆತಾಯಿ ಹೊಲದಲ್ಲಿ ಬೆವರು ಹರಿಸಿದವರು. ಇವರು ತಿನ್ನುವ ಮುದ್ದೆಯ ಗಾತ್ರ ಮಾತ್ರ ಹಾಗೇ ಉಳಿದಿದೆ. ಮಾಲೂರಿನಿಂದ ಪಾಸು ಇಟ್ಟುಕೊಂಡು ದಿನಾ ವೈಟ್‌ಫೀಲ್ಡ್, ಬೆಂಗಳೂರು ಎಂದು ಓಡಾಡುವವರ ದಿನದಲ್ಲಿ ರೈಲಿನ ಹೊತ್ತು, ಕುರ್ಚಿಯ ಹೊತ್ತು ಕಳೆದರೆ ಉಳಿಯುವುದು ಸ್ವಲ್ಪವೇ. ಟೊಮೆಟೊ ತೋಟದ ತಾಯಿಗೆ ಸುಳ್ಳು ಹೇಳಿದ ವಾಚು ಅವರ ಮಗನಿಗೆ ಬಹುಮಟ್ಟಿಗೆ ನಿಜವನ್ನೇ ಹೇಳುತ್ತದೆ. ಅವನು ನಡೆಯುತ್ತಿಲ್ಲ ಎಂಬುದು ನಿಜವೇ ತಾನೆ?

ನಡಿಗೆ ತಪ್ಪಿದವರನ್ನು ಕಾಡುವ ಕಾಯಿಲೆಗಳ ಲೆಕ್ಕ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ರಕ್ತದೊತ್ತಡ ಹೆಚ್ಚಿರುವವರು ವಯಸ್ಕರಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಗಿಲು.

ಇದು ನಮ್ಮನ್ನು ಮೂರನೆಯ ವಿಷಯಕ್ಕೆ ತರುತ್ತದೆ. ವಾಚು ಕಟ್ಟಿಕೊಂಡರೆ ಆರೋಗ್ಯ ಸುಧಾರಿಸುತ್ತದೆಯೇ?

ಬರೀ ಕಟ್ಟಿಕೊಂಡರೆ ಇಲ್ಲ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದಲ್ಲಿ ತೂಕ ಹೆಚ್ಚಿದ್ದ 471 ಯುವಜನರನ್ನು ಎರಡು ಗುಂಪು ಮಾಡಿ ಎರಡು ವರ್ಷ ನೋಡಿದರು. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ ಇತ್ತು. ಒಂದು ಗುಂಪಿಗೆ ಅರ್ಧ ವರ್ಷದ ಬಳಿಕ ಮೈಗೆ ಧರಿಸುವ ಸಾಧನವನ್ನೂ ಕೊಟ್ಟರು. 2016ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಸಾಧನವಿಲ್ಲದವರು ಸರಾಸರಿ 5.9 ಕೆ.ಜಿ. ಇಳಿದಿದ್ದರು, ಸಾಧನವಿದ್ದವರು 3.5 ಕೆ.ಜಿ. ಮಾತ್ರ. ಇಂದು ಇಷ್ಟು ನಡೆದಿದ್ದೇನೆ, ಇನ್ನೊಂದು ದೋಸೆ ತಿನ್ನಬಹುದು ಎಂಬ ಲೆಕ್ಕಾಚಾರ ಒಂದು ಕಾರಣವಿರಬಹುದು. ಮುಳಬಾಗಿಲು ದೋಸೆಯ ಊರಿನವರಿಗೆ ಈ ಅಪಾಯ ಇನ್ನೂ ಹೆಚ್ಚು. ಈ ಲೆಕ್ಕಾಚಾರ ಎಷ್ಟು ಹುಸಿ ಎಂಬುದನ್ನು 2017ರ ಇನ್ನೊಂದು ಸ್ಟ್ಯಾನ್‌ಫರ್ಡ್ ಅಧ್ಯಯನ ತೋರಿಸಿತು. ಪರೀಕ್ಷಿಸಿದ ಏಳು ಸಾಧನಗಳಲ್ಲಿ ಆರು ನಾಡಿಬಡಿತವನ್ನು 5%ರ ಒಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ವಾಸಿಯಾದ ಸಾಧನವೇ ಸರಾಸರಿ 27% ತಪ್ಪಿತು. ಅತಿ ಕೆಟ್ಟದ್ದು 93%. ಹಾಗಾಗಿ ನಾಡಿಯನ್ನು ನಂಬಿ, ಕ್ಯಾಲೊರಿಯನ್ನು ಮರೆಯಿರಿ.

ಸಂಖ್ಯೆ ಯಾವಾಗ ಉಪಕಾರ ಮಾಡುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ಕೋವಿಡ್ ಉಲ್ಬಣಿಸಿದ 2021ರ ಏಪ್ರಿಲ್, ಮೇ ತಿಂಗಳು ನೆನಪಿಸಿಕೊಳ್ಳಿ. ಶಾಲೆಯ ಮೆಟ್ಟಿಲು ಹತ್ತದವರೂ ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಿ ಓದಲು ಕಲಿತರು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ನೋಡಿದರು. 94 ಎಂಬ ಅಂಕಿ ಊರೂರಿಗೂ ತಿಳಿಯಿತು. ಅದರ ಕೆಳಗೆ ಇಳಿದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಆ ಯಂತ್ರ ಹೇಳುತ್ತಿದ್ದುದು ಆಮ್ಲಜನಕ, ನಾಡಿ ಎಂಬ ಎರಡೇ ಸಂಖ್ಯೆ. ಜನ ಹಿಡಿದುಕೊಂಡದ್ದು ಒಂದನ್ನು. ಅದರ ಜೊತೆ ಏನು ಮಾಡಬೇಕೆಂಬುದು ಅಂಟಿಕೊಂಡಿತ್ತು, ಕೇಳಲು ಒಬ್ಬ ಮನುಷ್ಯರೂ ಇದ್ದರು. ಇಂದಿನ ಸ್ಮಾರ್ಟ್ ವಾಚು ಹತ್ತಾರು ಸಂಖ್ಯೆಗಳನ್ನು ಒಪ್ಪಿಸುತ್ತದೆ. ಹೆಚ್ಚಿನವುಗಳ ಹಿಂದೆ ಇಂಥ ಕೆಲಸ ಮಾಡು, ಇಂಥವರನ್ನು ಕೇಳು ಎಂಬುದಿಲ್ಲ. ನನ್ನ ಇಂದಿನ ವಾದವೆಲ್ಲ ಇಷ್ಟೇ: ವಾಚಿನಿಂದ ಒಂದೆರಡು ಸಂಖ್ಯೆಗಳನ್ನು ಮಾತ್ರ ತೆಗೆದುಕೊಳ್ಳಿ, ಅದಕ್ಕೊಂದು ಕೆಲಸವನ್ನೂ ಒಬ್ಬ ಮನುಷ್ಯರನ್ನೂ ಜೋಡಿಸಿ.

ಯಾವ ಸಂಖ್ಯೆಗಳು? ವಾರದ ಒಟ್ಟು ನಡಿಗೆ ಒಂದು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ, ಮಾತಾಡಲು ಆಗುವ ಆದರೆ ಹಾಡಲು ಆಗದ ವೇಗದ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನೀವು ಹೋದ ವಾರ ಎಷ್ಟಿದ್ದಿರಿ, ಈ ವಾರ ಎಷ್ಟು ಎಂದು ನಿಮ್ಮನ್ನು ನಿಮಗೇ ಹೋಲಿಸಿಕೊಳ್ಳಿ. ವಾಚಿನ ಎಣಿಕೆ ತಪ್ಪಾಗಿದ್ದರೂ ಎರಡೂ ವಾರ ಹೆಚ್ಚುಕಡಿಮೆ ಒಂದೇ ಥರ ತಪ್ಪುತ್ತದೆ, ಹಾಗಾಗಿ ಏರಿತೋ ಇಳಿಯಿತೋ ಎಂಬುದು ತಿಳಿಯುತ್ತದೆ. ಪಕ್ಕದ ಮನೆಯವರ ಹೆಜ್ಜೆಗೆ ಹೋಲಿಸಿಕೊಂಡರೆ ಈ ಅನುಕೂಲವಿಲ್ಲ. ಹೆಜ್ಜೆಯಷ್ಟೇ ಸಾಲದು ಎಂಬುದಕ್ಕೆ ನಮ್ಮ ಅಂತರಗಂಗೆ ಬೆಟ್ಟವೇ ಸಾಕ್ಷಿ. ಆ ಮೆಟ್ಟಿಲು ಹತ್ತಿದ ಹೆಜ್ಜೆಯೂ ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಾಡಿದ ಹೆಜ್ಜೆಯೂ ಎಣಿಕೆಯಲ್ಲಿ ಒಂದೇ. ನಾಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ ಇನ್ನೊಂದು. ವಯಸ್ಕರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ನಿಯಮಿತವಾಗಿ ನಡೆಯುವವರಲ್ಲಿ ತಿಂಗಳುಗಳ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ, ರಕ್ತಹೀನತೆ ಇದ್ದಾಗ, ಥೈರಾಯ್ಡ್ ಹೆಚ್ಚಾದಾಗ ಏರುತ್ತದೆ. ನಿಮ್ಮ ಮಾಮೂಲಿಗಿಂತ ಹತ್ತು ಹದಿನೈದು ಬಡಿತ ಹೆಚ್ಚಾಗಿ ದಿನಗಟ್ಟಲೆ ಹಾಗೇ ನಿಂತರೆ ವೈದ್ಯರ ಬಳಿ ಹೋಗಲು ಅದೊಂದು ಒಳ್ಳೆಯ ನೆಪ. ಹೃದಯದ ಲಯ ತಪ್ಪಿದರೆ ಎಚ್ಚರಿಸುವ ವಾಚುಗಳೂ ಇವೆ. 2019ರಲ್ಲಿ ಪ್ರಕಟವಾದ ಆಪಲ್ ಹೃದಯ ಅಧ್ಯಯನದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಎಚ್ಚರಿಕೆ ಬಂದದ್ದು 0.52% ಜನಕ್ಕೆ. ಅವರಲ್ಲಿ ಆಮೇಲೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದವರ ಪೈಕಿ ಸುಮಾರು ಮೂರನೆಯ ಒಂದು ಭಾಗದವರಲ್ಲಿ ಏಟ್ರಿಯಲ್ ಫೈಬ್ರಿಲೇಶನ್ ಎಂಬ ಲಯದೋಷ ಸಿಕ್ಕಿತು. ಪಾರ್ಶ್ವವಾಯುವಿಗೆ ದಾರಿ ಮಾಡುವ ದೋಷ ಅದು.

ಜೋಡಿಸಬೇಕಾದ ಮನುಷ್ಯರು ಯಾರು ಎಂದರೆ, ಅವರು ನಮ್ಮ ಮನೆ ಬಾಗಿಲಿಗೇ ಬರುತ್ತಿದ್ದಾರೆ. ಬಿ.ಪಿ., ಶುಗರ್ ಮೊದಲಾದವುಗಳನ್ನು ಮನೆಗೇ ಬಂದು ತಪಾಸಣೆ ಮಾಡುವ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಆಶಾ ಕಾರ್ಯಕರ್ತೆ ಅಂಗಳಕ್ಕೆ ಬಂದಾಗ, ‘ಅಕ್ಕ, ನನ್ನ ವಾಚಿನಲ್ಲಿ ನಾಡಿ ಹೀಗೆ ತೋರಿಸುತ್ತಿದೆ’ ಎಂದು ಹೇಳಿ, ಅವರ ಯಂತ್ರದಲ್ಲಿ ಬಿ.ಪಿ. ನೋಡಿಸಿಕೊಳ್ಳಿ. ವಾಚಿಗೆ ಅರ್ಥ ಬರುವುದು ಅಲ್ಲಿ.

ಕೊನೆಯ ಭಾಗಕ್ಕೆ ಬಂದೆ. ಎಚ್ಚರಿಕೆಗಳನ್ನು ಬೇಗ ಬೇಗ ಹೇಳುತ್ತೇನೆ, ಸಭೆಯ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಮಣಿಕಟ್ಟಿನ ವಾಚು ಹೃದಯಾಘಾತವನ್ನು ಹಿಡಿಯುವುದಿಲ್ಲ. ಇಸಿಜಿ ತೆಗೆಯುತ್ತದೆ ಎಂದು ಮಾರುವ ದುಬಾರಿ ವಾಚೂ ನೋಡುವುದು ಹೃದಯದ ಒಂದು ಮಗ್ಗುಲನ್ನು. ಆಸ್ಪತ್ರೆಯ ಇಸಿಜಿ ಹನ್ನೆರಡು ಕೋನದಿಂದ ನೋಡುತ್ತದೆ. ಎದೆ ಹಿಂಡಿ, ಬೆವತು, ಎಡಗೈಗೋ ದವಡೆಗೋ ನೋವು ಹರಿದಾಗ ವಾಚು ಎಲ್ಲ ಸರಿಯಿದೆ ಎಂದರೆ ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಬೆಂಗಳೂರಿಗೆ ಓಡುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಚುಚ್ಚದೆ, ಬರೀ ಬೆಳಕಿನಿಂದ ಶುಗರ್ ಹೇಳುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ, ಅಂಥ ಒಂದು ಸಾಧನಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಸಾರ್ವಜನಿಕರನ್ನು ಎಚ್ಚರಿಸಿತು. ತೋಳಿಗೆ ಅಂಟಿಸಿ ಸಣ್ಣ ಎಳೆಯನ್ನು ಚರ್ಮದೊಳಗೆ ಇಳಿಸುವ ಶುಗರ್ ಸೆನ್ಸರ್ ಬೇರೆ, ಅದು ನಿಜವಾದದ್ದು. ವಾಚಿನ ಹುಸಿ ಶುಗರ್ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಅಳೆದ ಲೆಕ್ಕ ಯಾರಿಗೆ ಹೋಗುತ್ತದೆ? ಬಹುಪಾಲು ಕಂಪನಿಯ ಸರ್ವರಿಗೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ, ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ಬರೆದಿದೆ. ಆದರೆ ಕೆಲಸ ಕೊಡುವವರೇ ವಾಚು ಕಟ್ಟಿಸಿದರೆ ಒಪ್ಪಿಗೆಗೆ ಏನು ಬೆಲೆ? ನಾಗ್ಪುರ, ಚಂಡೀಗಢಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿಸಿ ಎಲ್ಲಿದ್ದಾರೆ, ಎಷ್ಟು ಹೊತ್ತು ನಿಂತರು ಎಂದು ನೋಡಿದರು. ಚಂಡೀಗಢದಲ್ಲಿ ಕಾರ್ಮಿಕರು ಬೀದಿಗಿಳಿದರು. ನಮ್ಮ ಜಿಲ್ಲೆಯ ಯಾವುದಾದರೂ ಕಾರ್ಖಾನೆ ನಾಳೆ ಆರೋಗ್ಯದ ಹೆಸರಿನಲ್ಲಿ ಇದನ್ನು ತಂದರೆ, ಕಾರ್ಮಿಕ ಸಂಘಗಳು ಮೊದಲು ಕೇಳಬೇಕಾದದ್ದು ಈ ಲೆಕ್ಕ ವೈದ್ಯರಿಗೆ ಹೋಗುತ್ತದೋ, ಸೂಪರ್‌ವೈಸರಿಗೆ ಹೋಗುತ್ತದೋ ಎಂದು.

ಲೆಕ್ಕ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಶ್ರೀನಿವಾಸಪುರದವರು ಇದಕ್ಕೆ ಉತ್ತಮ ಮಾದರಿ ತೋರಿಸಿದ್ದಾರೆ, ಅದನ್ನು ಹೇಳದೆ ಈ ಉಪನ್ಯಾಸ ಮುಗಿಸಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ನಮ್ಮ ಟಮಕದ ದೇವರಾಜ ಅರಸು ವೈದ್ಯಕೀಯ ವಿದ್ಯಾಸಂಸ್ಥೆಯ ಜೊತೆಗೂಡಿ, 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಯಾನ್ಸ್‌ಕಾಗ್ ಎಂಬ ಅಧ್ಯಯನ ನಡೆಸುತ್ತಿದೆ. 45 ವಯಸ್ಸು ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸುವುದು ಅದರ ಗುರಿ. ರಕ್ತ, ನೆನಪಿನ ಶಕ್ತಿ, ನಡಿಗೆ, ಮಿದುಳಿನ ಎಂಆರ್‌ಐ ಎಲ್ಲವನ್ನೂ ನೋಡುತ್ತಾರೆ. ವಯಸ್ಸಾದಂತೆ ಮರೆವಿನ ಕಾಯಿಲೆ ಯಾರಿಗೆ, ಏಕೆ ಬರುತ್ತದೆ ಎಂಬುದನ್ನು ನಮ್ಮ ಹಳ್ಳಿಯವರ ಮೈಯಿಂದಲೇ ತಿಳಿಯುವ ಯತ್ನ ಅದು. ಈ ಬಗೆಯ ದೊಡ್ಡ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವರ ಮೇಲೆ ನಡೆದವು. ಮಾವಿನ ತೋಪುಗಳ ನಡುವಿನ ಹಳ್ಳಿಗಳ ಜನ ಏನು, ಏಕೆ ಎಂದು ಕೇಳಿ ತಿಳಿದು, ಒಪ್ಪಿ ತಮ್ಮ ಮೈಯ ಲೆಕ್ಕ ಕೊಡುತ್ತಿದ್ದಾರೆ. ಅತ್ತ ಕಡೆ ಅದನ್ನು ಓದುವ ವೈದ್ಯರಿದ್ದಾರೆ. ವಾಚಿನ ಆಪ್‌ನಲ್ಲಿ ಓದದೆ ಒತ್ತುವ ‘ಒಪ್ಪಿದೆ’ ಎಂಬ ಗುಂಡಿಗೂ ಇದಕ್ಕೂ ಬಹಳ ದೂರ.

ಕೊನೆಗೆ ಈ ಸಭೆಯಲ್ಲಿರುವ ಮಕ್ಕಳಿಗೆ, ಸೊಸೆಯರಿಗೆ, ಅಳಿಯಂದಿರಿಗೆ ಒಂದು ವಿನಂತಿ. ಸಾಧಾರಣ ಸ್ಮಾರ್ಟ್ ವಾಚಿನ ಬೆಲೆಗೇ ಹೆಚ್ಚುಕಡಿಮೆ, ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. ಯಂತ್ರ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿ ನಲವತ್ತು ದಾಟಿದವರಿದ್ದು ಕೊಳ್ಳಲು ದುಡ್ಡಿರುವುದು ಎರಡರಲ್ಲಿ ಒಂದಕ್ಕೆ ಮಾತ್ರ ಎಂದಾದರೆ, ಮೊದಲು ಆ ಯಂತ್ರವನ್ನು ತನ್ನಿ, ವಾಚನ್ನು ಮುಂದಿನ ಹಬ್ಬಕ್ಕೆ ಇಟ್ಟುಕೊಳ್ಳಿ.